ಸೂರತ್‌ನ ಡಾಕ್ಟರಮ್ಮ ಮತ್ತು ‘ಒಬ್ಬ ಹಿಂದೂ ಮಹಿಳೆ’ಯ ಪತ್ರಗಳು



ಈ ಸಲದ ಇ-ಸಂಚಿಕೆಗೆ ನಿಮ್ಮ ಮನೆಯ ಹಿರಿಯ ಹೆಣ್ಣುಮಗಳೊಬ್ಬರ ಕಥೆ ಬರೆದು ಕೊಡಿ ಎಂದು ವೇದಿಕೆಯವರು ಕೇಳಿದಾಗ ನನಗೆ ಮೊದಲು ನೆನಪಾದದ್ದು ನನ್ನ ತಾಯಿಯ ತಾಯಿ. ಗದಗ ಜಿಲ್ಲೆಯ ಒಂದು ಹಳ್ಳಿಯವಳು. 12 ವರ್ಷಕ್ಕೆ ಮದುವೆಯಾದವಳು. ಅವಳು ಹೇಳಿದ ಏಳು ನಿಮಿಷದ ಮಾತು ನನ್ನ ಫೋನಿನಲ್ಲಿ ಇವತ್ತಿಗೂ ಇದೆ. ಬರೆಯುವ ಮೊದಲು ಊರಿಗೆ ಫೋನ್ ಮಾಡಿ ನಮ್ಮ ದೊಡ್ಡ ಮಾಮಾಗೆ ತಿಳಿಸಿದೆ. ಅವರು ಒಂದೇ ಮಾತಿನಲ್ಲಿ, "ಮನೀ ಮಾತು ಮನ್ಯಾಗ ಇರಲಿ, ಸತ್ತವರ ಹೆಸರು ಯಾಕ ಕೆಡಸ್ತಿ?" ಎಂದುಬಿಟ್ಟರು. ಅಜ್ಜಿಯ ಕಥೆ ಹೇಳಿದರೆ ಅವಳನ್ನು ಮದುವೆ ಮಾಡಿಕೊಟ್ಟ ಅವಳ ಅಪ್ಪನ ಕಥೆಯೂ ಬರುತ್ತದಲ್ಲ!

ಎರಡು ವಾರ ಸುಮ್ಮನಿದ್ದೆ. ಆಮೇಲೆ, ನಾನು ಈಗ ಇರುವ ಊರಿನಲ್ಲೇ ಇಂಥದ್ದೇ ಕಥೆಯನ್ನು ಪೇಪರಿಗೆ ಬರೆದು ಕೋಲಾಹಲ ಎಬ್ಬಿಸಿದ ಒಬ್ಬ ಹೆಣ್ಣುಮಗಳು ಇದ್ದಳಲ್ಲ, ಅವಳನ್ನೇ ಮೊದಲು ಸರಿಯಾಗಿ ತಿಳಿದುಕೊಳ್ಳೋಣ ಅನ್ನಿಸಿತು. ಅವಳೇ ಡಾಕ್ಟರ್ ರುಖ್ಮಾಬಾಯಿ.

ನನಗೆ ಅವರ ಪರಿಚಯವಾದದ್ದು ಗೂಗಲ್‌ನಿಂದ, ಐಟಿಯವರಿಗೆ ಎಲ್ಲವೂ ಆಗುವ ಹಾಗೆ. 2017ರ ನವೆಂಬರ್ 22. ಆಫೀಸಿನಲ್ಲಿ ಬೆಳಿಗ್ಗೆ ಬ್ರೌಸರ್ ತೆರೆದರೆ ಸೀರೆ ಉಟ್ಟು ಕೊರಳಿಗೆ ಸ್ಟೆತಾಸ್ಕೋಪ್ ಹಾಕಿಕೊಂಡ ಒಬ್ಬ ಹೆಂಗಸಿನ ಡೂಡಲ್. ಕ್ಲಿಕ್ ಮಾಡಿ ಓದುತ್ತಾ ಹೋದಾಗ ‘ಸೂರತ್’ ಎಂಬ ಹೆಸರು ಕಂಡು ಕಣ್ಣು ನಿಂತಿತು. ನನಗೆ ಸೂರತ್ ಎಂದರೆ ಅಲ್ಲಿಯವರೆಗೆ ಸೀರೆ, ವಜ್ರ, ಘಾರಿ, ಲೋಚೋ ಅಷ್ಟೇ. ನಮ್ಮ ಕತಾರ್‌ಗಾಮ್‌ನಲ್ಲಿ ಬೆಳಗಾದರೆ ವಜ್ರದ ಕಾರ್ಖಾನೆಗಳಿಗೆ ಹೋಗುವವರ ಬೈಕುಗಳದ್ದೇ ಸದ್ದು. ಕತಾರ್‌ಗಾಮ್ ದರವಾಜಾ ಹತ್ತಿರ ಇಂಗ್ಲಿಷರ ಹಳೆಯ ಸ್ಮಶಾನವೊಂದಿದೆ. ಈಸ್ಟ್ ಇಂಡಿಯಾ ಕಂಪನಿಯ ಆಕ್ಸಿಂಡನ್ ಸಹೋದರರ ಸಮಾಧಿಗಳ ಮೇಲೆ ಅರಮನೆಯ ಹಾಗೆ ಗುಮ್ಮಟ ಕಟ್ಟಿದ್ದಾರೆ. ವ್ಯಾಪಾರಕ್ಕೆ ಬಂದವರಿಗೆ ಅಷ್ಟು ದೊಡ್ಡ ಗುಮ್ಮಟ. ಎರಡು ದಶಕಕ್ಕೂ ಹೆಚ್ಚು ಕಾಲ ಈ ಊರಿನ ಹೆಂಗಸರ ಹೆರಿಗೆ, ಕಾಯಿಲೆ ನೋಡಿದ ಡಾಕ್ಟರಮ್ಮನ ಹೆಸರಿನ ಒಂದು ಬೋರ್ಡು ಮಾತ್ರ ನನ್ನ ಕಣ್ಣಿಗೆ ಇನ್ನೂ ಬಿದ್ದಿಲ್ಲ. ನಿಮಗೆ ಗೊತ್ತಿದ್ದರೆ ದಯವಿಟ್ಟು ತಿಳಿಸಿ.

ರುಖ್ಮಾಬಾಯಿ ಹುಟ್ಟಿದ್ದು 1864ರಲ್ಲಿ, ಮುಂಬಯಿಯಲ್ಲಿ. ತಾಯಿ ಜಯಂತಿಬಾಯಿ ಸ್ವತಃ ಬಾಲ್ಯವಿವಾಹವಾಗಿ, ಹದಿಹರೆಯದಲ್ಲೇ ಗಂಡನನ್ನು ಕಳೆದುಕೊಂಡವಳು. ಅವರದು ಸುತಾರ ಎಂದರೆ ಬಡಗಿ ಸಮುದಾಯ. ಅಲ್ಲಿ ವಿಧವೆ ಮತ್ತೆ ಮದುವೆಯಾಗಬಹುದಿತ್ತು. ಜಯಂತಿಬಾಯಿ ಡಾಕ್ಟರ್ ಸಖಾರಾಮ್ ಅರ್ಜುನ್ ಅವರನ್ನು ಮದುವೆಯಾದರು. ಮದುವೆಗೆ ಮೊದಲು ತನ್ನ ಮೊದಲ ಗಂಡನ ಆಸ್ತಿಯನ್ನು ಮಗಳ ಹೆಸರಿಗೆ ಮಾಡಿದರು. ಈ ಆಸ್ತಿಯ ವಿಷಯ ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತದೆ. ಮಲತಂದೆ ಸಖಾರಾಮ್ ಅರ್ಜುನ್ ಒಳ್ಳೆಯ ವೈದ್ಯರು, ಸಸ್ಯಶಾಸ್ತ್ರ ಬಲ್ಲವರು, ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ ಕಟ್ಟಿದವರಲ್ಲಿ ಒಬ್ಬರು. ಇಂಥ ಮನೆಯಲ್ಲೂ ಹುಡುಗಿಗೆ 11 ವರ್ಷವಾಗುತ್ತಲೇ ಮದುವೆ ಮಾಡಿದರು! ವರ ದಾದಾಜಿ ಭಿಕಾಜಿ, 19 ವರ್ಷದವನು, ಮಲತಂದೆಯ ಸಂಬಂಧಿಕ. ಅವನು ಮನೆ ಅಳಿಯನಾಗಿ ಇದ್ದು ಓದಬೇಕು ಎಂಬ ಮಾತಾಗಿತ್ತು. ಅವನಿಗೆ ಓದು ಹಿಡಿಸಲಿಲ್ಲ, ಮನೆ ಬಿಟ್ಟು ತನ್ನ ಮಾವನ ಮನೆ ಸೇರಿದ. ಹುಡುಗಿ ಮಾತ್ರ ತವರಿನಲ್ಲೇ ಉಳಿದು, ಮಿಷನ್ ಲೈಬ್ರರಿಯಿಂದ ಪುಸ್ತಕ ತರಿಸಿಕೊಂಡು ಓದುತ್ತಾ ಬೆಳೆದಳು.

1884ರಲ್ಲಿ ದಾದಾಜಿ ವಕೀಲರ ಮೂಲಕ ನೋಟೀಸು ಕಳಿಸಿದ. ಹೆಂಡತಿ ಬಂದು ತನ್ನ ಜೊತೆ ಸಂಸಾರ ಮಾಡಬೇಕು ಎಂದು ಬಾಂಬೆ ಹೈಕೋರ್ಟಿಗೆ ಹೋದ. ರುಖ್ಮಾಬಾಯಿಗೆ ಆಗ 20ರ ಆಸುಪಾಸು. ಅವಳು ಬರುವುದಿಲ್ಲ ಎಂದಳು. ಅವನ ಆರೋಗ್ಯ, ಸಂಪಾದನೆ ಇಲ್ಲದಿರುವುದು ಇತ್ಯಾದಿ ಕಾರಣಗಳು ಇದ್ದವು. ಎಲ್ಲಕ್ಕಿಂತ ದೊಡ್ಡ ಕಾರಣ, ತಿಳಿವಳಿಕೆ ಇಲ್ಲದ ವಯಸ್ಸಿನಲ್ಲಿ ಆದ, ತನ್ನ ಒಪ್ಪಿಗೆಯೇ ಇಲ್ಲದ ಮದುವೆಗೆ ತಾನು ಯಾಕೆ ಕಟ್ಟುಬೀಳಬೇಕು ಎಂಬುದು.

ಕೋರ್ಟಿನ ಕೇಸಾಗಿಯೇ ಉಳಿದಿದ್ದರೆ ಇದು ವಕೀಲರ ಪುಸ್ತಕದಲ್ಲಿ ಸೇರಿ ಮುಗಿಯುತ್ತಿತ್ತು. ರುಖ್ಮಾಬಾಯಿ ಇನ್ನೊಂದು ಕೆಲಸ ಮಾಡಿದಳು. 1885ರ ಜೂನ್ 26ರಂದು ಟೈಮ್ಸ್ ಆಫ್ ಇಂಡಿಯಾದಲ್ಲಿ ಬಾಲ್ಯವಿವಾಹದ ಬಗ್ಗೆ ಒಂದು ಉದ್ದನೆಯ ಪತ್ರ ಬಂತು. ಕೆಳಗೆ ಸಹಿ: ‘ಒಬ್ಬ ಹಿಂದೂ ಮಹಿಳೆ’. ಸೆಪ್ಟೆಂಬರ್ 19ಕ್ಕೆ ಎರಡನೆಯ ಪತ್ರ, ಬಲವಂತದ ವೈಧವ್ಯದ ಮೇಲೆ. ಈ ಪತ್ರಗಳಲ್ಲಿ ನನಗೆ ಹೊಸದಾಗಿ ಕಂಡದ್ದು ಏನೆಂದರೆ, ಇಲ್ಲಿ ಬಾಲ್ಯವಿವಾಹ ಒಂದು ‘ಸಮಸ್ಯೆ’ಯಾಗಿ ಬರುವುದಿಲ್ಲ. ಅಂಥ ಲೇಖನಗಳು ಗಂಡಸರಿಂದ ಆಗಲೇ ಬೇಕಾದಷ್ಟು ಬಂದಿದ್ದವು. ಇಲ್ಲಿ ಬರೆಯುವವಳು, ನಾನೇ ಆ ಬಾಲವಧು, ನನಗೆ ಓದಬೇಕೆಂಬ ಆಸೆ ಇತ್ತು, ಈ ಪದ್ಧತಿ ನನ್ನ ಮತ್ತು ಓದಿನ ಮಧ್ಯೆ ಬಂದು ನಿಂತಿತು, ನನ್ನ ತಪ್ಪೇನೂ ಇಲ್ಲದೆ ನನ್ನ ಬದುಕು ಹಾಳಾಯಿತು ಎಂಬ ಅರ್ಥದಲ್ಲಿ ಬರೆಯುತ್ತಾಳೆ. ಗುಟ್ಟಾಗಿ ಓದಿದರೂ ಅನುಮಾನದ ಕಣ್ಣಿನಿಂದ ನೋಡುವ ಮನೆಯ ಹೆಂಗಸರು, ಸೊಸೆಯ ದಿನಚರಿ, ಅತ್ತೆಯ ದರ್ಪ, ಎಲ್ಲವೂ ಇದೆ.

ಇನ್ನೊಂದು ಗಮನಿಸಿ. ಎರಡನೆಯ ಪತ್ರ ಅಚ್ಚಾದ ಎರಡೇ ದಿನಕ್ಕೆ, ಸೆಪ್ಟೆಂಬರ್ 21ಕ್ಕೆ, ನ್ಯಾಯಮೂರ್ತಿ ಪಿನ್ಹೆ ತೀರ್ಪು ಕೊಟ್ಟರು. ಅಸಹಾಯಕ ಬಾಲ್ಯದಲ್ಲಿ ಮದುವೆಯಾದ ಹೆಣ್ಣನ್ನು ಇಷ್ಟವಿಲ್ಲದ ಗಂಡನ ಬಳಿ ಕೋರ್ಟು ಎಳೆದು ಕಳಿಸುವುದಿಲ್ಲ, ಅಂಥ ಆದೇಶ ಕೊಡುವ ಕಾನೂನು ಇಂಗ್ಲೆಂಡಿನ ಪ್ರಾಪ್ತವಯಸ್ಕರ ಮದುವೆಗಳಿಗೆ ಮಾಡಿದ್ದು ಎಂಬುದು ಅದರ ಸಾರ. ರುಖ್ಮಾಬಾಯಿ ಗೆದ್ದಳು. ಆ ‘ಹಿಂದೂ ಮಹಿಳೆ’ ಯಾರೆಂಬುದೂ ಬಹಳ ಕಾಲ ಗುಟ್ಟಾಗಿ ಉಳಿಯಲಿಲ್ಲ.

ಈ ಪತ್ರಗಳಿಗೆ ನೆಲ ಹದ ಮಾಡಿದವರು ಬೆಹ್ರಾಮ್‌ಜಿ ಮಲಬಾರಿ. ಅವರು ನಮ್ಮ ಕಡೆಯವರೇ ಅನ್ನಬೇಕು! ಹುಟ್ಟಿದ್ದು 1853ರಲ್ಲಿ ವಡೋದರಾದಲ್ಲಿ, ಬೆಳೆದದ್ದು ಸೂರತ್‌ನಲ್ಲಿ. ಬಡ ಪಾರ್ಸಿ ಹುಡುಗ. ತಂದೆ ತೀರಿಕೊಂಡ ಮೇಲೆ ಅವನನ್ನು ದತ್ತು ತೆಗೆದುಕೊಂಡವರು ಮಲಬಾರ್ ಕರಾವಳಿಯಿಂದ ಗಂಧ, ಸಾಂಬಾರ ಪದಾರ್ಥ ತರಿಸಿ ಮಾರುತ್ತಿದ್ದ ವ್ಯಾಪಾರಿ. ಅದಕ್ಕೇ ಆ ಹೆಸರು. ಮುಂಬಯಿಗೆ ಹೋಗಿ ‘ಇಂಡಿಯನ್ ಸ್ಪೆಕ್ಟೇಟರ್’ ಪತ್ರಿಕೆಯ ಸಂಪಾದಕರಾದರು. 1884ರಲ್ಲಿ ಬಾಲ್ಯವಿವಾಹ ಮತ್ತು ವೈಧವ್ಯದ ಮೇಲೆ ಟಿಪ್ಪಣಿ ಬರೆದು ಸಾವಿರಾರು ಪ್ರತಿ ಅಚ್ಚು ಹಾಕಿಸಿ, ಸರ್ಕಾರದವರಿಗೂ ದೇಶದ ಗಣ್ಯರಿಗೂ ಕಳಿಸಿದರು. ಇವತ್ತಿನ ಭಾಷೆಯಲ್ಲಿ ಹೇಳುವುದಾದರೆ ಕ್ಯಾಂಪೇನ್. ಪರ, ವಿರೋಧ ಎರಡೂ ಪತ್ರಿಕೆಗಳಲ್ಲಿ ತಿಂಗಳುಗಟ್ಟಲೆ ನಡೆಯಿತು. ಆ ಚರ್ಚೆ ನಡೆಸುತ್ತಿದ್ದವರೆಲ್ಲ ಗಂಡಸರು. ಅದರ ಮಧ್ಯೆ ಸ್ವತಃ ಅನುಭವಿಸಿದವಳ ಪತ್ರ ಬಂದು ಬಿತ್ತು.

ಸೂರತ್‌ಗೆ ಇದರಲ್ಲಿ ಇನ್ನೂ ಹಳೆಯ ಪಾಲಿದೆ. ಇಲ್ಲಿನ ವಿಶ್ವವಿದ್ಯಾಲಯಕ್ಕೆ ಯಾರ ಹೆಸರಿದೆಯೋ ಆ ಕವಿ ನರ್ಮದ್ 1864ರಲ್ಲೇ ‘ದಾಂಡಿಯೋ’ ಎಂಬ ಪತ್ರಿಕೆ ಹೊರಡಿಸಿ ಸಂಪ್ರದಾಯಸ್ಥರನ್ನು ಬಾರಿಸಿದವರು, ವಿಧವಾ ವಿವಾಹದ ಪರ ನಿಂತವರು. 1866ರಲ್ಲಿ ತಮ್ಮ ಆತ್ಮಕಥೆಯನ್ನೂ ಬರೆದರು. ಅದು ಜನರ ಕೈಗೆ ಪೂರ್ತಿಯಾಗಿ ಬಂದದ್ದು ಅವರು ಸತ್ತು ಎಷ್ಟೋ ವರ್ಷಗಳ ಮೇಲೆ, 1933ರಲ್ಲಿ. ವೀರ ಎಂದು ಕರೆಸಿಕೊಂಡ ನರ್ಮದರಿಗೇ ಸ್ವಂತ ಕಥೆಯನ್ನು ಬದುಕಿದ್ದಾಗ ಊರ ಮುಂದೆ ಇಡಲು ಅಷ್ಟು ಹಿಂಜರಿಕೆ ಇದ್ದರೆ, 20 ವರ್ಷದ ಹುಡುಗಿಗೆ ಎಷ್ಟಿರಬೇಡ?

ಮುಂದಿನದು ಕಷ್ಟದ ಭಾಗ. ದಾದಾಜಿ ಮೇಲ್ಮನವಿ ಹೋದ. 1886ರ ಮಾರ್ಚಿನಲ್ಲಿ ಮುಖ್ಯ ನ್ಯಾಯಮೂರ್ತಿ ಸಾರ್ಜೆಂಟ್ ಅವರ ಪೀಠ ಕೇಸನ್ನು ಮರುವಿಚಾರಣೆಗೆ ಕಳಿಸಿತು. 1887ರ ಮಾರ್ಚ್ 4ರಂದು ನ್ಯಾಯಮೂರ್ತಿ ಫ್ಯಾರನ್ ಆದೇಶ ಕೊಟ್ಟರು: ಗಂಡನ ಮನೆಗೆ ಹೋಗಬೇಕು, ಇಲ್ಲವೇ ಆರು ತಿಂಗಳ ಜೈಲು. ರುಖ್ಮಾಬಾಯಿ ಜೈಲಿಗೆ ಹೋಗುತ್ತೇನೆ ಎಂದಳು.

ಧರ್ಮಶಾಸ್ತ್ರ ಉಳಿಸಲು ನಡೆದ ಕೇಸು ಇದು ಎಂದು ಎಷ್ಟೋ ಜನ ತಿಳಿದಿದ್ದರು. ಹೆಂಡತಿಯನ್ನು ಕೋರ್ಟಿನ ಮೂಲಕ ವಾಪಸ್ ಕರೆಸುವ ಈ ದಾವೆ ನಮ್ಮ ಶಾಸ್ತ್ರದ್ದಲ್ಲ, ಇಂಗ್ಲೆಂಡಿನ ಚರ್ಚ್ ಕೋರ್ಟುಗಳದ್ದು. ಅಲ್ಲಿಯೂ 1884ರಲ್ಲೇ ಜೈಲು ಶಿಕ್ಷೆ ತೆಗೆದುಹಾಕಿದ್ದರು. ಅಲ್ಲಿ ಬಿಟ್ಟದ್ದನ್ನು ಇಲ್ಲಿ ಹಿಡಿದುಕೊಂಡು, ಅದನ್ನೇ ನಮ್ಮ ಸಂಸ್ಕೃತಿ ಎಂದು ಕಾಪಾಡಲು ಹೊರಟಿದ್ದೆವು. ತಿಲಕರಂಥ ದೊಡ್ಡವರೂ ತಮ್ಮ ಪತ್ರಿಕೆಗಳಲ್ಲಿ ರುಖ್ಮಾಬಾಯಿಯ ವಿರುದ್ಧ ಬರೆದರು. ಇಂಗ್ಲಿಷ್ ಶಿಕ್ಷಣ ಹೆಣ್ಣನ್ನು ಹೀಗೆ ಮಾಡಿತು ಎಂಬ ಧಾಟಿಯಲ್ಲಿ. ತಿಲಕರನ್ನು ನಾನು ಗೌರವಿಸುತ್ತೇನೆ. ಈ ವಿಷಯದಲ್ಲಿ ಅವರು ತಪ್ಪು ಎಂದು ಹೇಳಲು ನನಗೆ ಸಂಕೋಚವಿಲ್ಲ.

1887ರ ಏಪ್ರಿಲ್ 9ರಂದು ಲಂಡನ್ನಿನ ಟೈಮ್ಸ್ ಪತ್ರಿಕೆಯಲ್ಲಿ ಅವಳ ಪತ್ರ ಪ್ರಕಟವಾಯಿತು. ಈ ಸಲ ಹೆಸರಿನ ಮುಸುಕಿಲ್ಲ. ಅದು ವಿಕ್ಟೋರಿಯಾ ರಾಣಿಯ 50ನೇ ವರ್ಷದ ಉತ್ಸವದ ವರ್ಷ. ಸಮಯ ನೋಡಿ ಬರೆದ ಪತ್ರ ಎನ್ನುವುದು ಸ್ಪಷ್ಟ. ಹುಡುಗರಿಗೆ 20, ಹುಡುಗಿಯರಿಗೆ 15 ತುಂಬುವ ಮೊದಲು ಆದ ಮದುವೆ ಕಾನೂನಿನ ಕಣ್ಣಿನಲ್ಲಿ ಮದುವೆಯೇ ಅಲ್ಲ ಎಂಬ ಒಂದು ಸಾಲನ್ನು ರಾಣಿ ಸೇರಿಸಿದರೆ ಸಾಕು ಎಂದು ಕೇಳಿದಳು. ಪತ್ರಿಕೆಗೆ ಎಲ್ಲಿ, ಯಾವಾಗ, ಯಾರಿಗೆ ಕೇಳುವಂತೆ ಬರೆಯಬೇಕು ಎಂಬುದು 22 ವರ್ಷದ ಈ ಹುಡುಗಿಗೆ ಅರ್ಥವಾಗಿತ್ತು. ಲಂಡನ್ನಿನಲ್ಲಿ ಮ್ಯಾಕ್ಸ್ ಮುಲ್ಲರ್ ಅಂಥವರು ಅವಳ ಪರ ಬರೆದರು. ಮುಂಬಯಿಯಲ್ಲಿ ಅವಳ ಕೇಸಿಗಾಗಿ ಸಮಿತಿ ಆಯಿತು.

ಪ್ರಚಾರ ಎರಡು ಅಲಗಿನ ಕತ್ತಿ, ನಮ್ಮ ಸೋಶಿಯಲ್ ಮೀಡಿಯಾದ ಕಾಲದಲ್ಲಿ ಇದನ್ನು ವಿವರಿಸಬೇಕಾಗಿಲ್ಲ. ಅದೇ ವರ್ಷ ದಾದಾಜಿಯೂ ತನ್ನ ಕಡೆಯ ಕಥೆಯನ್ನು ಪುಸ್ತಿಕೆಯಾಗಿ ಅಚ್ಚು ಹಾಕಿಸಿದ. ಅದರಲ್ಲಿ ರುಖ್ಮಾಬಾಯಿಯ ತಾಯಿಯನ್ನೂ ಮನೆಯವರನ್ನೂ ಎಳೆದು ತಂದ. ಇದೆಲ್ಲ ಆಸ್ತಿ ಕೈತಪ್ಪದಿರಲಿ ಎಂದು ಅವರು ಆಡುತ್ತಿರುವ ಆಟ ಎಂದ. ಅವಳು ಅದಕ್ಕೂ ಉತ್ತರ ಬರೆಯಬೇಕಾಯಿತು. ಒಮ್ಮೆ ಮನೆಯ ಮಾತು ಅಚ್ಚಿಗೆ ಹೋದ ಮೇಲೆ ಯಾವುದನ್ನು ಹೇಳಬೇಕು, ಯಾವುದನ್ನು ಮುಚ್ಚಿಡಬೇಕು ಎಂಬುದು ಹೇಳಿದವಳ ಕೈಯಲ್ಲೂ ಉಳಿಯಲಿಲ್ಲ. ಪುಸ್ತಿಕೆ ಬರುವ ಹೊತ್ತಿಗೆ ಮಲತಂದೆ ತೀರಿಹೋಗಿ ಎರಡು ವರ್ಷ. ತಾಯಿ ಆ ಪುಸ್ತಿಕೆಯ ಮಾತು ಕೇಳಿಸಿಕೊಂಡಾಗ ಮನೆಯಲ್ಲಿ ಏನಾಗಿರಬಹುದು? ಇಲ್ಲಿಗೆ ಬಂದಾಗ ನನಗೆ ನಮ್ಮ ಮಾಮಾನ ಮೇಲಿನ ಸಿಟ್ಟು ಸ್ವಲ್ಪ ಇಳಿಯಿತು ಎಂದು ಒಪ್ಪಿಕೊಳ್ಳುತ್ತೇನೆ.

ಕೊನೆಗೆ ಏನಾಯಿತು? ವಿಕ್ಟೋರಿಯಾ ರಾಣಿಯೇ ಮದುವೆ ರದ್ದು ಮಾಡಿದಳು ಎಂದು ವಾಟ್ಸಾಪ್‌ನಲ್ಲಿ ಓದಿರುತ್ತೀರಿ. ಹಾಗೇನಿಲ್ಲ. 1888ರ ಜುಲೈನಲ್ಲಿ 2000 ರೂಪಾಯಿಗೆ ರಾಜಿಯಾಯಿತು. ದಾದಾಜಿ ಹಣ ತೆಗೆದುಕೊಂಡು ಹಕ್ಕು ಬಿಟ್ಟ, ಆಮೇಲೆ ಬೇರೆ ಮದುವೆಯಾದ. ‘ಭಾರತದ ಮೊಟ್ಟಮೊದಲ ವೈದ್ಯೆ’ ಎಂಬ ಫಾರ್ವರ್ಡ್ ಕೂಡ ಸರಿಯಲ್ಲ. ಆನಂದಿಬಾಯಿ ಜೋಶಿ, ಕಾದಂಬಿನಿ ಗಂಗೂಲಿ ಅವರಿಗಿಂತ ಮೊದಲಿನವರು. ಇರುವ ಕಥೆಯೇ ಇಷ್ಟು ದೊಡ್ಡದಿರುವಾಗ ಇಲ್ಲದ್ದನ್ನು ಯಾಕೆ ಸೇರಿಸುತ್ತಾರೋ.

ಮುಂಬಯಿಯ ಕಾಮಾ ಆಸ್ಪತ್ರೆಯ ಡಾಕ್ಟರ್ ಎಡಿತ್ ಪೀಚಿ ಮುಂತಾದವರ ಬೆಂಬಲದಿಂದ ರುಖ್ಮಾಬಾಯಿ 1889ರಲ್ಲಿ ಇಂಗ್ಲೆಂಡಿಗೆ ಹೋಗಿ, ಲಂಡನ್ನಿನ ಮಹಿಳಾ ವೈದ್ಯಕೀಯ ಶಾಲೆಯಲ್ಲಿ ಓದಿದರು. 1894ರಲ್ಲಿ ಡಾಕ್ಟರ್ ಆದರು. ಮರುವರ್ಷ ಊರಿಗೆ ಬಂದು ಸೂರತ್‌ನ ಹೆಂಗಸರ ಆಸ್ಪತ್ರೆ ಸೇರಿದರು. ಅವರು ಬಂದ ಸ್ವಲ್ಪ ದಿನಕ್ಕೇ ಮುಂಬಯಿ ಪ್ರಾಂತ್ಯದಲ್ಲಿ ಪ್ಲೇಗ್. ಸೂರತ್‌ನಲ್ಲಿ ಪ್ಲೇಗ್ ಎಂದರೆ ಈಗಲೂ ಹಳಬರು 1994ರ ಸೆಪ್ಟೆಂಬರ್ ನೆನೆದು, ರಾತ್ರೋರಾತ್ರಿ ಊರು ಖಾಲಿಯಾದದ್ದನ್ನು ಹೇಳುತ್ತಾರೆ. ನೂರು ವರ್ಷ ಹಿಂದೆ ಆಂಟಿಬಯಾಟಿಕ್ ಇಲ್ಲದ ಕಾಲದಲ್ಲಿ ಈ ಡಾಕ್ಟರಮ್ಮ ಇಲ್ಲೇ ಕೆಲಸ ಮಾಡಿದರು. ಇಲ್ಲಿ ಎರಡು ದಶಕಕ್ಕೂ ಮಿಕ್ಕಿ, ಆಮೇಲೆ ರಾಜಕೋಟೆಯ ಜನಾನಾ ಆಸ್ಪತ್ರೆಯಲ್ಲಿ, ಒಟ್ಟು 35 ವರ್ಷದ ವೃತ್ತಿ. ಮತ್ತೆ ಮದುವೆಯಾಗಲಿಲ್ಲ. 1904ರಲ್ಲಿ ದಾದಾಜಿ ಸತ್ತ ಸುದ್ದಿ ಬಂದ ಮೇಲೆ ಅವರು ವಿಧವೆಯರಂತೆ ಬಿಳಿ ಸೀರೆ ಉಡಲು ಶುರು ಮಾಡಿದರು. ಯಾರ ಹೆಂಡತಿ ಅಲ್ಲ ಎಂದು ಜೈಲಿಗೂ ಸಿದ್ಧಳಾದವಳು, ಅವನ ವಿಧವೆಯಾಗಲು ಒಪ್ಪಿದ್ದು ಯಾಕೆ? ಸೂರತ್‌ನ ಸಂಪ್ರದಾಯದ ಮನೆಗಳ ಹೆಂಗಸರು ನಂಬಿ ತಮ್ಮ ಹತ್ತಿರ ಬರಬೇಕೆಂದೇ? ಒಳಗೆ ಬೇರೇನೋ ಇತ್ತೇ? ನನಗೆ ಎಷ್ಟು ಯೋಚಿಸಿದರೂ ಬಗೆಹರಿದಿಲ್ಲ.

ಪತ್ರಗಳಿಂದ ಕಾನೂನು ಬದಲಾಯಿತೇ ಎಂದರೆ, ನೇರವಾಗಿ ಹೌದು ಎನ್ನಲಾರೆ. 1891ರ ಮಾರ್ಚ್ 19ರಂದು ಸಮ್ಮತಿಯ ವಯಸ್ಸಿನ ಕಾಯ್ದೆ ಪಾಸಾಗಿ, ವಯಸ್ಸು 10ರಿಂದ 12ಕ್ಕೆ ಏರಿತು. ಅವಳು ಕೇಳಿದ್ದ 15 ಎಲ್ಲಿ, ಈ 12 ಎಲ್ಲಿ! ಅದಕ್ಕೂ ಫುಲ್ಮೋನಿ ಎಂಬ ಬಂಗಾಳದ ಬಾಲಕಿಯೊಬ್ಬಳು ಗಂಡನ ಕೈಯಲ್ಲಿ ಸಾಯಬೇಕಾಯಿತು, ಮಲಬಾರಿ ಲಂಡನ್ನಿಗೆ ಹೋಗಿ ಒತ್ತಡ ತರಬೇಕಾಯಿತು. ಆದರೆ ರುಖ್ಮಾಬಾಯಿಯ ಕೇಸು ವರ್ಷಗಟ್ಟಲೆ ಪೇಪರಿನಲ್ಲಿ ಕಾದಿರದಿದ್ದರೆ ಆ ಮಸೂದೆಗೆ ಅಷ್ಟು ಬೇಗ ಜೀವ ಬರುತ್ತಿರಲಿಲ್ಲ ಎಂದು ನನ್ನ ಅನಿಸಿಕೆ. ಈ ಕೇಸಿನ ಮೇಲೆ ‘ಎನ್‌ಸ್ಲೇವ್ಡ್ ಡಾಟರ್ಸ್’ ಎಂಬ ಒಳ್ಳೆಯ ಪುಸ್ತಕ ಬರೆದ ಸುಧೀರ್ ಚಂದ್ರ ಅವರು ಸೂರತ್‌ನಲ್ಲೇ ಇದ್ದು ಕೆಲಸ ಮಾಡಿದವರು. ಆಸಕ್ತಿ ಇದ್ದವರು ಓದಿ.

ನಮ್ಮ ಕರ್ನಾಟಕದ ಕಡೆ ನೋಡಿದರೆ, ಮೈಸೂರು ಸಂಸ್ಥಾನ 1894ರಲ್ಲಿ 8 ವರ್ಷದೊಳಗಿನ ಹುಡುಗಿಯರ ಮದುವೆಯನ್ನು ನಿಷೇಧಿಸಿತು. ಬಾಲ್ಯದಲ್ಲೇ ವಿಧವೆಯಾದ ನಂಜನಗೂಡು ತಿರುಮಲಾಂಬಾ 1913ರಲ್ಲಿ ‘ಸತೀಹಿತೈಷಿಣಿ’ ಗ್ರಂಥಮಾಲೆ ಶುರು ಮಾಡಿ, ಆಮೇಲೆ ‘ಕರ್ನಾಟಕ ನಂದಿನಿ’ ಪತ್ರಿಕೆ ನಡೆಸಿದರು. ಅವರ ಹಾಗೆಯೇ ಬಾಲವಿಧವೆ ಆರ್. ಕಲ್ಯಾಣಮ್ಮ ‘ಸರಸ್ವತಿ’ ಪತ್ರಿಕೆಯನ್ನು ದಶಕಗಳ ಕಾಲ ನಡೆಸಿದರು. ಅವರ ಬಗ್ಗೆ ಬೇರೆ ಲೇಖನವನ್ನೇ ಬರೆಯಬೇಕು.

ನಮ್ಮ ಅಜ್ಜಿಯ ಊರು ಮೈಸೂರು ಸಂಸ್ಥಾನದಲ್ಲಿ ಇರಲಿಲ್ಲ. ಗದಗ ಆಗ ಧಾರವಾಡ ಜಿಲ್ಲೆ, ಮುಂಬಯಿ ಪ್ರಾಂತ್ಯ. ಸೂರತ್ ಇದ್ದ ಪ್ರಾಂತ್ಯವೇ, ರುಖ್ಮಾಬಾಯಿ ನಿಂತ ಹೈಕೋರ್ಟೇ. 1930ರಿಂದ ಅಲ್ಲಿ ಸಾರ್ದಾ ಕಾಯ್ದೆ ಜಾರಿಯಲ್ಲಿತ್ತು. 14 ತುಂಬದ ಹುಡುಗಿಯ ಮದುವೆ ಮಾಡಿದವರಿಗೆ ಶಿಕ್ಷೆ, ಮದುವೆ ಮಾತ್ರ ಸಿಂಧು. 1944ರಲ್ಲಿ ಅಜ್ಜಿಗೆ 12, ಅಜ್ಜನಿಗೆ 27, ಅದೂ ಎರಡನೇ ಸಂಬಂಧ. ಯಾರೂ ಪೊಲೀಸರಿಗೆ ಹೇಳಲಿಲ್ಲ. ಹೇಳಬೇಕು ಎಂಬುದೇ ಯಾರಿಗೂ ಹೊಳೆದಿರಲಾರದು.

ನಾನು ಎಂಟೆಕ್ ಮುಗಿಸಿ ಊರಿಗೆ ಹೋದಾಗ ಅಜ್ಜಿ ಅಡುಗೆಮನೆಯಲ್ಲಿ ಕೂತು ಹೇಳಿದ್ದಿಷ್ಟು: ಮೂರನೇ ಇಯತ್ತೆಯಲ್ಲಿ ಮಗ್ಗಿ ಹೇಳುವುದರಲ್ಲಿ ಅವಳೇ ಮೊದಲು. ಮದುವೆ ಗೊತ್ತಾದ ದಿನ ಸಾಲಿ ಬಿಡಿಸಿದರು. "ಪಾಟಿ ತಮ್ಮಗ ಕೊಟ್ಟ ಹೋಗು ಅಂದ್ರು, ಕೊಟ್ಟೆ. ಅಂವ ಅದರ ಮ್ಯಾಲೆ ಬರದ ನನ್ನ ಮಗ್ಗಿ ಅಳಿಸಿದಾ." ಗಂಡ ಬಡಿದದ್ದು, ಮೊದಲ ಎರಡು ಕೂಸು ಉಳಿಯದೇ ಇದ್ದದ್ದು ಅವಳು ಹೇಳುವಾಗ ದನಿ ಬದಲಾಗಲಿಲ್ಲ. ಪಾಟಿಯ ಮಾತಿಗೆ ಬಂದಾಗ ಮಾತ್ರ ನಿಂತು, ಸೆರಗಿನಿಂದ ಮುಖ ಒರೆಸಿಕೊಂಡಳು. 2016ರಲ್ಲಿ ತೀರಿಕೊಂಡಳು.

ರುಖ್ಮಾಬಾಯಿ ತೀರಿಕೊಂಡದ್ದು 1955ರ ಸೆಪ್ಟೆಂಬರ್ 25ಕ್ಕೆ, 90 ದಾಟಿದ ಮೇಲೆ. ಅದೇ ವರ್ಷ ಹಿಂದೂ ವಿವಾಹ ಕಾಯ್ದೆ ಬಂದಿತ್ತು. ಅದರ 9ನೇ ಸೆಕ್ಷನ್ನಿನಲ್ಲಿ, ಬಿಟ್ಟುಹೋದ ಗಂಡ ಅಥವಾ ಹೆಂಡತಿ ವಾಪಸ್ ಬರಬೇಕೆಂದು ಕೋರ್ಟಿಗೆ ಹೋಗುವ ಅದೇ ದಾವೆ ಇದೆ. ಜೈಲು ಈಗಿಲ್ಲ, ಆಸ್ತಿ ಜಪ್ತಿಗೆ ಅವಕಾಶವಿದೆ. 1983ರಲ್ಲಿ ಆಂಧ್ರ ಹೈಕೋರ್ಟ್ ಇದು ಸಂವಿಧಾನಕ್ಕೆ ವಿರುದ್ಧ ಎಂದಿತು, ಮರುವರ್ಷ ಸುಪ್ರೀಂ ಕೋರ್ಟ್ ಬೇರೊಂದು ಕೇಸಿನಲ್ಲಿ ಸೆಕ್ಷನ್ ಸರಿಯಾಗಿದೆ ಎಂದಿತು. ಇಂಗ್ಲೆಂಡಿನವರು ಮಾತ್ರ 1970ರಲ್ಲೇ ತಮ್ಮಲ್ಲಿ ಈ ದಾವೆಯನ್ನು ಪೂರ್ತಿ ತೆಗೆದುಹಾಕಿದ್ದಾರೆ.

ಇಷ್ಟನ್ನು ಬರೆದು ಮಾಮಾಗೆ ಕಳಿಸಿದೆ. ಎರಡು ದಿನ ನೀಲಿ ಟಿಕ್ ಬಂದರೂ ಉತ್ತರವಿರಲಿಲ್ಲ. ಮೂರನೇ ದಿನ ವಾಯ್ಸ್ ಮೆಸೇಜು: "ಪಾಟಿ ಸುದ್ದಿ ನನಗೂ ಗೊತ್ತಿರಲಿಲ್ಲವಾ. ಬರಿ. ಊರ ಹೆಸರು ಬ್ಯಾಡ." ಊರ ಹೆಸರು ಹಾಕಿಲ್ಲ. ಸಂಘದ ಮುಂದಿನ ಕಾರ್ಯಕ್ರಮಕ್ಕೆ ಬಂದಾಗ ಅಜ್ಜಿಯ ಏಳು ನಿಮಿಷದ ಮಾತು ಕೇಳಬೇಕು ಎನ್ನುವವರು ಹೇಳಿ, ಫೋನಿನಲ್ಲಿದೆ. ಮಧ್ಯೆ ಮಧ್ಯೆ ಕುಕ್ಕರ್ ಸೀಟಿ ಹೊಡೆಯುತ್ತದೆ, ಸ್ವಲ್ಪ ಹತ್ತಿರ ಹಿಡಿದು ಕೇಳಬೇಕು.